ಕಟ್ಟೆಯ ಎತ್ತರಕ್ಕೆ ಇಳಿದ ಕಾರು

ನಮ್ಮ ಮನೆಗೆ ಬಂದ ಮೊದಲ ಕಾರಿಗೆ ಹಿಂಭಾಗ ಎತ್ತಿಕೊಂಡು ನಿಲ್ಲುವ ಚಟವಿತ್ತು. ಧಾರವಾಡದ ನಮ್ಮ ಓಣಿಯಲ್ಲಿ ನಿಲ್ಲಿಸಿದರೆ, ಕಲಗಚ್ಚಿನ ಬಾನಿಗೆ ಬಾಯಿ ಹಾಕಿದ ಎಮ್ಮೆಯ ಹಾಗೆ ಮುಂದೆ ತಗ್ಗಿ ಹಿಂದೆ ಉಬ್ಬಿ ಕಾಣುತ್ತಿತ್ತು. ಅದನ್ನು ನಮಗೆ ಮಾರಿದವರು ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿ. ಉಪ್ಪಿನಬೆಟಗೇರಿ ಕಡೆಯಿಂದ ಹತ್ತಿಕಾಳಿನ ಚೀಲಗಳನ್ನು ಕಾರಿನಲ್ಲೇ ಹೇರಿಕೊಂಡು ಬರಲೆಂದು ಅವರು ಹಿಂದಿನ ಕಮಾನುಗಳಿಗೆ ಹೆಚ್ಚಿನ ಪಾಟಾ ಹಾಕಿಸಿದ್ದರು. ಪಾಟಾ ಅಂದರೆ ಮತ್ತೇನಲ್ಲ, ಗಾಲಿಯ ಮೇಲೆ ಒಂದರ ಕೆಳಗೊಂದು ಜೋಡಿಸಿ ಬಿಗಿದಿರುವ ಬಾಗಿದ ಉಕ್ಕಿನ ಪಟ್ಟಿ. ಪಟ್ಟಿ ಹೆಚ್ಚಾದಷ್ಟೂ ಕಮಾನು ಬಿಗಿ, ಕಾರು ಎತ್ತರ. ಚೀಲಗಳೇನೋ ವ್ಯಾಪಾರಿಯ ಹತ್ತಿರವೇ ಉಳಿದವು. ಎತ್ತರ ಮಾತ್ರ ನಮ್ಮ ಪಾಲಿಗೆ ಬಂತು.

ನಾನು ಆ ಮನೆಗೆ ಸೊಸೆಯಾಗಿ ಬಂದು ಆಗ ವರ್ಷ ತುಂಬಿತ್ತೋ ಇಲ್ಲವೋ. ಅರವತ್ತರ ದಶಕದ ಆರಂಭ. ನಮ್ಮ ಮನೆಯವರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು, ಆದರೆ ಕೈಗೆ ಬೋಲ್ಟು ತಿರುಗಿಸುವ ಪಾನಾ ಸಿಕ್ಕಿತೆಂದರೆ ತಾವು ಹುಟ್ಟಿದ್ದೇ ಕಾರು ಬಿಚ್ಚಲಿಕ್ಕೆ ಎಂಬಂತೆ ಆಡುತ್ತಿದ್ದರು. ಮಾವನವರು ಕನ್ನಡ ಸಾಲಿಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಸಾಲಿ ಬಿಟ್ಟರೂ ಫೂಟುಪಟ್ಟಿ ಬಿಟ್ಟಿರಲಿಲ್ಲ. ಅಳೆದು ಸಿಕ್ಕದ್ದು ಸತ್ಯ, ಉಳಿದದ್ದೆಲ್ಲ ಗಾಳಿಮಾತು ಎಂಬುದು ಅವರ ಸಿದ್ಧಾಂತ. ಈ ಇಬ್ಬರ ನಡುವೆ ಆ ಕಾರು ಸಿಕ್ಕಿತು. ಅದರ ಗತಿ ಏನಾಗಬೇಡ!

ಮನೆಯ ದೊರೆತನವೆಲ್ಲ ಅತ್ತಿಯವರದು. ದನಿ ದೊಡ್ಡದು, ಮನಸ್ಸೂ ದೊಡ್ಡದು, ಹಟ ಅವೆರಡಕ್ಕಿಂತ ದೊಡ್ಡದು. ಅವರ ಮೊಣಕಾಲು ಹಿಡಿದುಕೊಂಡಿದ್ದು ಓಣಿಗೆಲ್ಲ ಗೊತ್ತು. ಆದರೆ ಆ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ಎತ್ತಿದರೆ, “ನನ್ನ ಕಾಲಿಗೇನ ಆಗೇತಿ? ಮೊದಲ ನಿಮ್ಮ ನಿಮ್ಮ ಕಾಲ ನೋಡ್ಕೋರಿ” ಎಂದು ಬಾಯಿ ಮುಚ್ಚಿಸುತ್ತಿದ್ದರು. ಕಾರು ಬಂದ ದಿನ ಪೂಜೆ ಮಾಡಿದರು, ಕಾಯಿ ಒಡೆಸಿದರು. ಹಿಂದಿನ ಬಾಗಿಲು ತೆರೆದು “ಹತ್ತ ಯವ್ವಾ” ಎಂದು ಮಗ ಕರೆದಾಗ ಒಂದು ಕಾಲು ಮೇಲಿಡಲು ನೋಡಿ, ತಟ್ಟನೆ ಹಿಂದೆಗೆದು, “ಅಯ್ಯ, ಒಲಿ ಮ್ಯಾಲ ಹಾಲ ಇಟ್ಟ ಬಂದೇನಿ. ನೀವು ಹೋಗಿ ಬರ್ರಿ” ಎಂದು ಒಳಗೆ ಹೋದರು. ಆಮೇಲೆ ಪ್ರತಿ ಸಲವೂ ಒಲೆಯ ಮೇಲೆ ಏನಾದರೊಂದು ಇದ್ದೇ ಇರುತ್ತಿತ್ತು. ಮುಂದಿನ ಸೀಟಿನಲ್ಲಿ ಕೂರಿ ಎಂದರೆ, ಅದು ಗಂಡಸರ ಜಾಗ ಎಂದು ತಳ್ಳಿಹಾಕುತ್ತಿದ್ದರು.

ಇದನ್ನೆಲ್ಲ ನಗುತ್ತಲೇ ಇರಬಹುದಿತ್ತು. ಆದರೆ ಆ ವರ್ಷ ನನ್ನ ನಾದಿನಿ, ಅತ್ತಿಯವರ ಒಬ್ಬಳೇ ಮಗಳು, ಹುಬ್ಬಳ್ಳಿಯ ಗಂಡನ ಮನೆಯಲ್ಲೇ ಹಡೆದಳು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಅತ್ತಿಯವರ ಕಾಲಿನ ಸುದ್ದಿ ಹುಬ್ಬಳ್ಳಿ ಮುಟ್ಟಿತ್ತು, ಬೀಗರು ತಾವಾಗಿಯೇ “ನಿಮಗ್ಯಾಕ ತ್ರಾಸು, ಇಲ್ಲೇ ಮಾಡ್ತೇವಿ ಬಿಡ್ರಿ” ಎಂದು ಹೇಳಿ ಕಳಿಸಿದ್ದರು. ಪ್ರೀತಿಯಿಂದಲೇ ಹೇಳಿದ ಮಾತು. ಅತ್ತಿಯವರಿಗೆ ಅದು ಎದೆಗೆ ನಾಟಿತು. ನಾನು ಇದ್ದೇನಲ್ಲ, ಬಾಣಂತಿಗೆ, ಕೂಸಿಗೆ ನಾನು ನೀರು ಎರೆಯುತ್ತೇನೆ ಎಂದೆ. “ನಿನಗೇನ ತಿಳೀತೈತಿ” ಎಂದರು. ಸಿಟ್ಟು ಬಂತು, ನುಂಗಿಕೊಂಡೆ. ಅವತ್ತು ಅವರು ಊಟ ಮಾಡಲಿಲ್ಲ. ಇನ್ನು ಕೂಸಿಗೆ ಹೆಸರಿಡುವ ತೊಟ್ಟಿಲು ಕಾರ್ಯಕ್ಕೂ ಅವರು ಹೋಗದಿದ್ದರೆ, ತವರಿನ ತೊಟ್ಟಿಲನ್ನು ಬೇರೆ ಯಾರೋ ಒಯ್ದು ಇಳಿಸಿದರೆ, ಅತ್ತಿಯವರು ಮತ್ತೆ ತಲೆ ಎತ್ತುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಟಾಂಗಾ ಇನ್ನೂ ಎತ್ತರ, ಬಸ್ಸಿನ ಮಾತೇ ಬೇಡ.

“ಕಾರನ್ನ ಇಳಿಸೂದ” ಎಂದರು ನಮ್ಮ ಮನೆಯವರು.

“ಎಷ್ಟು ಇಳಿಸ್ತೀ?” ಎಂದರು ಮಾವನವರು. ಅವರಿಗೆ ಬೇಕಾದದ್ದು ಆ ಪ್ರಶ್ನೆಯೇ. ಫೂಟುಪಟ್ಟಿ ತೆಗೆದುಕೊಂಡು ಹೊರಗೆ ಹೋದರು. “ಅಕಿ ದಿನಾ ಸಂಜೀಕ ಕಟ್ಟೀ ಮ್ಯಾಲ ಆರಾಮ ಕುಂಡರತಾಳ. ಕಾರಿನ ಸೀಟು ಕಟ್ಟೀ ಎತ್ತರಕ್ಕ ಬಂತಂದ್ರ ಮುಗೀತಲ್ಲ?” ಎಂದು ಮನೆಯ ಮುಂದಿನ ಕಟ್ಟೆ ಅಳೆದರು, ಸೀಟು ಅಳೆದರು, ಒಂದರಿಂದ ಇನ್ನೊಂದನ್ನು ಕಳೆದರು. ಇಷ್ಟು ಸರಳವಾದ ವಿಚಾರ ತಮಗೆ ಹೊಳೆಯಲಿಲ್ಲವಲ್ಲ ಎಂದು ಮಗ ಅಪ್ಪನ ಮುಖವನ್ನು ಅಭಿಮಾನದಿಂದ ನೋಡಿದರು. ಅತ್ತಿಯವರನ್ನೇ ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ಅನ್ನಿಸಿದರೂ ಕೇಳುವ ಧೈರ್ಯ ಯಾರಿಗಿತ್ತು?

ಭಾನುವಾರ ಕೆಲಸ ಶುರುವಾಯಿತು. ಜಾಕು ಕೊಟ್ಟು ಕಾರಿನ ಹಿಂಭಾಗ ಎತ್ತಿ, ಕೆಳಗೆ ಕಲ್ಲುಗಳನ್ನು ಒಟ್ಟಿ, ಗಾಲಿ ತೆಗೆದರು. ಕಮಾನನ್ನು ಅಚ್ಚಿಗೆ ಹಿಡಿದಿದ್ದ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಚಿಮಣಿ ಎಣ್ಣೆ ಹಾಕಿ ಕಾದೆವು. ಮತ್ತೆ ಹಾಕಿದೆವು. ನಮ್ಮ ಮನೆಯವರು ಪಾನಾಕ್ಕೆ ಜೋತುಬಿದ್ದು ಕಾಲಲ್ಲಿ ಒದ್ದರು. ಅಕ್ಕಪಕ್ಕದ ಮನೆಯವರೆಲ್ಲ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, ತಮಗೆ ತೋಚಿದ ಸಲಹೆ ಕೊಟ್ಟರು. ಯಾರೂ ಕೈ ಕೊಳೆ ಮಾಡಿಕೊಳ್ಳಲಿಲ್ಲ. ಬೋಲ್ಟು ಕಿರ್ರೆಂದು ಸಡಿಲಾದಾಗ ಮಾತ್ರ, ಅದು ತಮ್ಮಿಂದಲೇ ಆಯಿತೆಂಬಂತೆ ಎಲ್ಲರೂ ತಲೆಯಾಡಿಸಿದರು.

ಬಿಚ್ಚಿದ ಪಟ್ಟಿಗಳನ್ನು ತೊಳೆಯುವುದು ನನ್ನ ಕೆಲಸ. ತೆಂಗಿನ ಜುಂಗಿನಿಂದ ತಿಕ್ಕಿ, ಚಿಮಣಿ ಎಣ್ಣೆಯಲ್ಲಿ ತೊಳೆದು, ಗ್ರೀಸು ಸವರಿ ಒಂದರ ಮೇಲೊಂದು ಇಡುತ್ತಿದ್ದೆ. ಖರೇ ಹೇಳಬೇಕೆಂದರೆ ನನಗೆ ಅದು ಬಹಳ ಹಿಡಿಸಿತು. ಹೊಸ ಸೊಸೆಗೆ ಓಣಿಯ ನಡುವೆ ಕೂತು, ಸೆರಗು ಕಟ್ಟಿ, ಉಕ್ಕು ತಿಕ್ಕುವ ಭಾಗ್ಯ ಯಾವ ಮನೆಯಲ್ಲಿ ಸಿಗುತ್ತದೆ? ಕೈಯನ್ನು ಶೀಗೆಕಾಯಿ ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಮಧ್ಯಾಹ್ನ ನಾನು ಬಡಿದ ರೊಟ್ಟಿ ಮುರಿದು ಮೂಸಿ ನೋಡಿದ ಅತ್ತಿಯವರು, “ಇವನ್ನ ಕಾರಿಗೆ ಉಣಸ್ರಿ” ಎಂದರು. ಆದರೂ ಎರಡು ರೊಟ್ಟಿ ತಿಂದರು.

ಹತ್ತಿ ವ್ಯಾಪಾರಿ ಸೇರಿಸಿದ್ದ ಪಾಟಾಗಳನ್ನು ತೆಗೆದು ಜೋಡಿಸಿದ ಮೇಲೆ ಕಾರು ಸಪಾಟಾಗಿ, ಮರ್ಯಾದಸ್ಥರ ಕಾರಿನ ಹಾಗೆ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮಾವನವರು ಪಟ್ಟಿ ಹಿಡಿದು ನೋಡಿ, “ಕಟ್ಟೀಗಿಂತ ಇನ್ನೂ ಎರಡ ಬೆರಳ ಎತ್ತರ ಐತಿ” ಎಂದರು.

“ಇನ್ನೊಂದೊಂದ ಪಾಟಾ ತಗದ್ರ ಬರೋಬ್ಬರಿ ಆಗತೈತಿ ಅಪ್ಪಾ.”

“ಹಂಗಾರ ತಗೀ. ಅಳತಿ ಅಂದ್ರ ಅಳತಿ.”

ಮತ್ತೆ ಜಾಕು, ಮತ್ತೆ ಪಾನಾ, ಮತ್ತೆ ನನ್ನ ಗ್ರೀಸು. ಸಂಜೆಗೆ ಸೀಟೂ ಕಟ್ಟೆಯೂ ಕೂದಲೆಳೆ ವ್ಯತ್ಯಾಸವಿಲ್ಲದೆ ಸಮವಾದವು. ಅಪ್ಪ ಮಗ ಇಬ್ಬರೂ ಮೈಯೆಲ್ಲ ಮಸಿ ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವರಿಬ್ಬರೂ ಹಾಗೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಳೆದದ್ದು ಖಾಲಿ ಕಾರನ್ನು ಎಂಬುದು ಮೂವರಲ್ಲಿ ಒಬ್ಬರಿಗೂ ತಲೆಗೆ ಹೋಗಲಿಲ್ಲ.

ತೊಟ್ಟಿಲು ಕಾರ್ಯದ ದಿನ ಅತ್ತಿಯವರು ಇಳಕಲ್ ಸೀರೆ ಉಟ್ಟು ಹೊರಗೆ ಬಂದರು. ಕಾರಿನ ಬಾಗಿಲು ತೆರೆದು ನಾವು ಉಸಿರು ಹಿಡಿದು ನಿಂತೆವು. ಅವರು ಸೀಟಿಗೆ ಬೆನ್ನು ಮಾಡಿ, ಕೂತು, ಎರಡೂ ಕಾಲು ಒಳಗೆ ಎಳೆದುಕೊಂಡರು. ಅಷ್ಟೇ. “ಬರ್ರಿ, ಏನ ನೋಡಾಕತ್ತೀರಿ?” ಎಂದರು. ನಮ್ಮ ಮನೆಯವರು ಮುಖ ಆ ಕಡೆ ತಿರುಗಿಸಿಕೊಂಡು ಕನ್ನಡಕ ಒರೆಸಿಕೊಂಡರು.

ತೊಟ್ಟಿಲು ಕಾರಿನ ನೆತ್ತಿಯ ಮೇಲೆ ಏರಿತು. ಹಿಂದಿನ ಡಿಕ್ಕಿಗೆ ಹೆಬ್ಬಳ್ಳಿ ಹಳ್ಳಿಯ ನಮ್ಮ ಹೊಲದ ಜೋಳದ ಚೀಲ, ಬಾಣಂತಿಗೆ ಅಂಟಿನುಂಡಿಯ ಡಬ್ಬಿ, ಖೊಬ್ಬರಿ, ಕೌದಿಗಳ ಗಂಟು. ತವರಿನವರು ಬರಿಗೈಯಲ್ಲಿ ಹೋಗಲಿಕ್ಕುಂಟೇ? ಒಂದೊಂದು ಸಾಮಾನು ಒಳಗೆ ಬಿದ್ದಾಗಲೂ ಕಾರು ಹಿಂದಕ್ಕೆ ಒಂದೊಂದಿಷ್ಟು ಕುಸಿಯಿತು. ಅದನ್ನು ನೋಡಿದವಳು ನಾನೊಬ್ಬಳೇ, ನನಗೂ ಸಂಭ್ರಮದಲ್ಲಿ ಅದರ ಅರ್ಥವಾಗಲಿಲ್ಲ. ದಾರಿಯುದ್ದಕ್ಕೂ ಅತ್ತಿಯವರು ಕಿಟಕಿಯಿಂದ ಮುಖ ಹೊರಗೆ ಹಾಕಿ, ಯಾರ ಹೊಲದಲ್ಲಿ ಏನು ಬೆಳೆದಿದೆ, ಯಾರ ಎತ್ತು ಬಡಕಲಾಗಿದೆ ಎಂದು ಹೇಳುತ್ತ ಬಂದರು. ರಾಯಾಪುರದ ಹತ್ತಿರ ರಸ್ತೆಯ ಉಬ್ಬಿಗೆ ಕಾರಿನ ಹೊಟ್ಟೆ ಗರ್ರೆಂದು ಉಜ್ಜಿತು. “ಸಾವಕಾಶ ಹೊಡೀಯೋ, ಇದೇನ ಚಕ್ಕಡಿ?” ಎಂದು ಮಗನಿಗೆ ಬೈದರು. ಎಷ್ಟೋ ದಿನಗಳ ಮೇಲೆ ಅವರ ದನಿ ತನ್ನ ಪೂರ್ತಿ ಗಾತ್ರಕ್ಕೆ ಬಂದಿತ್ತು.

ಹುಬ್ಬಳ್ಳಿಯಲ್ಲಿ ಬೀಗರ ಮನೆ ಮುಂದೆ ಕಾರು ನಿಂತಿತು. ಹೆಂಗಸರು ಆರತಿ ಹಿಡಿದು ಬಾಗಿಲಿಗೆ ಬಂದರು. ಅತ್ತಿಯವರು ಕಾಲು ಹೊರಗಿಟ್ಟರು. ಇಟ್ಟವರು ಹಾಗೇ ಕೂತರು.

“ಮೊದಲ ಸಾಮಾನ ಇಳಿಸ್ರಿ” ಎಂದರು. ಇಳಿಸಿದರು. ತೊಟ್ಟಿಲೂ ಇಳಿಯಿತು. “ಒಂದೀಟು ಗಾಳಿ ತಗೋತೇನಿ, ನೀವು ಒಳಗ ನಡೀರಿ” ಎಂದರು. ಆರತಿ ತಟ್ಟೆಯವರು ಮುಖ ಮುಖ ನೋಡಿಕೊಂಡರು. ನಾನು ಇನ್ನೊಂದು ಬಾಗಿಲಿನಿಂದ ಮತ್ತೆ ಒಳಗೆ ಹೋಗಿ ಅವರ ಪಕ್ಕ ಕೂತು, “ಅತ್ತಿಯವರ, ಏನಾತ್ರಿ?” ಎಂದು ಮೆಲ್ಲಗೆ ಕೇಳಿದೆ.

ಅವರು ಮುಂದೆ ನೋಡುತ್ತಲೇ, ತುಟಿ ಅಲ್ಲಾಡಿಸದೆ, “ಇಲ್ಲೆ ಕಂಬ ಇಲ್ಲಲ್ಲ” ಎಂದರು.

ಆಗ ಎಲ್ಲವೂ ತಿಳಿಯಿತು. ಮನೆಯ ಕಟ್ಟೆಯ ಮೇಲೆ ಅವರು ಯಾವಾಗಲೂ ಕಂಬದ ಪಕ್ಕಕ್ಕೇ ಕೂರುತ್ತಿದ್ದರು. ಸಂಜೆ ನಾವೆಲ್ಲ ಒಳಗೆ ಹೋಗುವವರೆಗೂ ಏಳುತ್ತಿರಲಿಲ್ಲ. ಯಾರೂ ಇಲ್ಲದಾಗ ಆ ಕಂಬವನ್ನು ತಬ್ಬಿ ಮೇಲೇಳುತ್ತಿದ್ದರು. ನಾವು ಅವರು ಕೂರುವುದನ್ನು ಅಳೆದಿದ್ದೆವು, ಏಳುವುದನ್ನಲ್ಲ. ಅದೂ ಸಾಲದೆಂದು ಸೀಟು ಈಗ ಕೂತವರ ಭಾರಕ್ಕೆ ಕಟ್ಟೆಗಿಂತಲೂ ಕೆಳಗೆ ಹೋಗಿತ್ತು. ನಾನು ಕೈ ಹಿಡಿಯಲು ಹೋದರೆ ಕೊಸರಿಕೊಂಡು, “ಸುಮ್ನಿರ. ಬೀಗರ ಮುಂದ ಮಾನ ಕಳೀಬ್ಯಾಡ” ಎಂದರು. ಮಾವನವರು ದೂರದಲ್ಲಿ ಫೂಟುಪಟ್ಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡು, ಏನೂ ಗೊತ್ತಿಲ್ಲದವರಂತೆ ಆಕಾಶ ನೋಡುತ್ತಿದ್ದರು.

ಅಷ್ಟರಲ್ಲಿ ನಾದಿನಿಯೇ ಕೂಸನ್ನು ಎತ್ತಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಂದಳು. “ಯಾಕವ್ವಾ, ನನ್ನ ಮ್ಯಾಲ ಸಿಟ್ಟೇನ? ಒಳಗ ಯಾಕ ಬರವಲ್ಲಿ?” ಎಂದಳು. ಮಗಳ ಕಣ್ಣಲ್ಲಿ ಆಗಲೇ ನೀರು. ಮಾನ ಉಳಿಸಿಕೊಳ್ಳಬೇಕೋ, ಮಗಳನ್ನು ಸಮಾಧಾನ ಮಾಡಬೇಕೋ? ಅತ್ತಿಯವರು ಓಣಿಗೆಲ್ಲ ಕೇಳುವಂತೆ ಹೇಳಿದರು: “ಸಿಟ್ಟಲ್ಲ ಯವ್ವಾ. ನನಗ ಏಳಾಕ ಬರವಲ್ದು. ಕಾಲ ಹೋಗ್ಯಾವು.”

ಯಾರೂ ನಗಲಿಲ್ಲ. ಬೀಗತಿ ಮುಂದೆ ಬಂದು, “ಅಯ್ಯ ಅದಕ್ಯಾಕ ಇಷ್ಟು? ನನ್ನವೂ ಹೋಗ್ಯಾವ್ರಿ. ನಾ ಹೇಳಿಲ್ಲ ಅಷ್ಟ” ಎಂದರು. ಆಗ ಎಲ್ಲರೂ ನಕ್ಕರು. ಎತ್ತಿ ಇಳಿಸಲು ಬಂದವರಿಗೆ ಮಾತ್ರ ಅತ್ತಿಯವರು ಕೈ ಕೊಡಲಿಲ್ಲ, ಹಾಗಾಗಿ ಕಾರ್ಯವೇ ಕಾರಿಗೆ ಬಂತು. ಕೂಸನ್ನು ಅವರ ತೊಡೆಯ ಮೇಲೆ ಇಟ್ಟರು. ಹೆಸರಿಡುವಾಗ ಕೂಸನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸುವುದು ಪದ್ಧತಿ. ಅವತ್ತು ಕಾರಿನ ಒಂದು ಬಾಗಿಲಿನಿಂದ ಒಳಗೆ ಕೊಟ್ಟು, ಅಜ್ಜಿಯ ತೊಡೆ ದಾಟಿಸಿ, ನನ್ನ ಕೈಯಿಂದ ಇನ್ನೊಂದು ಬಾಗಿಲಿಗೆ “ತಗೋರಿ, ಕೊಡ್ರಿ” ಎಂದು ದಾಟಿಸಿದರು. ಕೂಸಿನ ಸೋದರತ್ತೆ, ಅಂದರೆ ನಾದಿನಿಯ ಗಂಡನ ತಂಗಿ, ಕಾರಿನೊಳಗೆ ತಲೆ ತೂರಿಸಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಹೆಂಗಸರೆಲ್ಲ ಕಾರಿಗೆ ಮುತ್ತಿದ್ದಕ್ಕೆ ಕಾರು ತೊಟ್ಟಿಲಿನ ಹಾಗೇ ತೂಗಾಡಿತು. ಬೇಯಿಸಿದ ಕಡಲೆಯ ಗುಗ್ಗರಿ ಕಿಟಕಿಯಿಂದ ಒಳಗೆ ಬಂತು.

ಊಟವೂ ಕಾರಿನಲ್ಲೇ ಆಯಿತು. ಹೊರಡುವ ಹೊತ್ತಿಗೆ ಅತ್ತಿಯವರು ಕೂಸನ್ನು ವಾಪಸು ಕೊಡಲು ಎತ್ತಿದರು. ನಾದಿನಿ ತೆಗೆದುಕೊಳ್ಳಲಿಲ್ಲ. ತನ್ನ ಅತ್ತೆಯ ಮುಖ ಒಮ್ಮೆ ನೋಡಿದಳು. ಬೀಗತಿ, “ತವರು ತಾನ ಬಾಗಲಿಗೆ ಬಂದು ಕುಂತೈತಿ. ಬ್ಯಾಡನ್ನಾಕ ನಾ ಯಾರವಾ?” ಎಂದರು. ನಾದಿನಿ ಸೀರೆಯ ನೆರಿಗೆ ಎತ್ತಿ ಹಿಡಿದು, “ನಿನಗ ಇಳ್ಯಾಕ ಬರದಿದ್ರ ಬಿಡವ್ವಾ, ನಾ ಹತ್ತತೇನಿ” ಎಂದು ತಾಯಿಯ ಪಕ್ಕ ಬಂದು ಕೂತಳು.

ತೊಟ್ಟಿಲು ಮತ್ತೆ ನೆತ್ತಿಗೇರಿತು. ಕಾರಿಗೆ ಭಾರವಾಗದಿರಲೆಂದು ಮಾವನವರು ಬಸ್ಸಿಗೆ ನಡೆದರು. ಅತ್ತಿಯವರು ಒಂದು ಕಡೆಯಿಂದ ಅಳುತ್ತ, ಒಂದು ಕಡೆಯಿಂದ ಬೀಗತಿಗೆ ಹೇಳುತ್ತಿದ್ದರು: “ಎರಿಯೂದು ಎಲ್ಲಾ ನನ್ನ ಸೊಸಿ ಮಾಡತಾಳ್ರಿ. ನಾ ಕುರ್ಚಿ ಹಾಕ್ಕೊಂಡು ಕುಂತು ಹೇಳತೇನಿ.” ಅದನ್ನು ನನಗೆ ಅವರು ಮೊದಲೇ ಹೇಳಿರಲಿಲ್ಲ. ಆಮೇಲೂ ಹೇಳಲಿಲ್ಲ.

ಧಾರವಾಡದಲ್ಲಿ ಮನೆ ಮುಂದೆ ಕಾರು ನಿಂತಾಗ ಕತ್ತಲಾಗುತ್ತಿತ್ತು. ಓಣಿಯವರೆಲ್ಲ ಹೊರಗೇ ಇದ್ದರು. ನಾದಿನಿ ಕೂಸನ್ನು ಎತ್ತಿಕೊಂಡು ಆ ಕಡೆಯಿಂದ ಇಳಿದಳು. ನಮ್ಮ ಮನೆಯವರು ಈ ಕಡೆಯ ಬಾಗಿಲು ತೆರೆದು ತಾಯಿಯ ಕಡೆ ಕೈ ನೀಡಿದರು. ಅತ್ತಿಯವರು ಮಗನನ್ನು “ನೀ ಸರಿ” ಎಂದು ಪಕ್ಕಕ್ಕೆ ಸರಿಸಿ, ಎಲ್ಲರೂ ನೋಡುತ್ತಿರುವಂತೆಯೇ ಎರಡೂ ಕೈ ನನ್ನ ಕಡೆ ಚಾಚಿದರು.

“ಗಟ್ಟಿ ಹಿಡಿ ಯವ್ವಾ, ಎಳಿ” ಎಂದರು. ನಾನು ಎಳೆದೆ.