ಪಾಂಡವರ ನೆತ್ತಿಯ ಮೇಲೆ ಅಣಬೆ

ಒಗೆದ ಬಟ್ಟೆಯ ಬಕೆಟ್ಟನ್ನು ಮಾಳಿಗೆಗೆ ಹೊತ್ತು ತಂದು ಇಳಿಸುವಾಗ ನೀರಿನ ಟ್ಯಾಂಕಿನ ಪಕ್ಕ ಬೆಳ್ಳಗೆ ಏನೋ ಕಂಡಿತು. ದೀಪಾವಳಿಗೆ ಹೊಸ್ತಿಲಲ್ಲಿಟ್ಟು ಪೂಜಿಸಿ, ಆಮೇಲೆ ಪದ್ಧತಿಯಂತೆ ಮೇಲೆ ತಂದಿಟ್ಟಿದ್ದ ಸೆಗಣಿ ಉಂಡೆಯ ಪಾಂಡವರ ನೆತ್ತಿಯ ಮೇಲೆ ಅಣಬೆಗಳು ಎದ್ದಿದ್ದವು. ಹಬ್ಬದ ನಂತರ ಸುರಿದ ಮಳೆಯ ಕೆಲಸ. ನಾನು ಸಿಕ್ಕಿಸಿದ್ದ ತಂಗಡಿ ಹೂವು ಬಾಡಿ ಕಪ್ಪಾಗಿತ್ತು. ಅದರ ಪಕ್ಕದಲ್ಲೇ ಬೆರಳುದ್ದದ ಬಿಳಿ ಕೊಡೆಗಳು ನೆಟ್ಟಗೆ ನಿಂತಿದ್ದವು.

ಅಷ್ಟು ಹೊತ್ತಿಗಾಗಲೇ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಬಟ್ಟೆ ಒಗೆದು ನನ್ನ ಸೊಂಟ ಬಿದ್ದುಹೋಗಿತ್ತು. ಕೊಟ್ಟೂರಿನಿಂದ ಹಡಗಲಿಯ ಕಚೇರಿಗೆ ಬಸ್ಸು ಬೇರೆ ಹಿಡಿಯಬೇಕಿತ್ತು. ಆದರೂ ಅತ್ತೆಯನ್ನು ಕೂಗಿದೆ. ಮಂಡಿ ನೋವೆಂದು ವರ್ಷದಿಂದ ಮಾಳಿಗೆ ಹತ್ತದವರು, ನಡುನಡುವೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತ ಬಂದರು. ಬಗ್ಗಿ ಬಹಳ ಹೊತ್ತು ನೋಡಿದರು.

"ಸೆಗಣ್ಯಾಗಿರೋ ಕಸುವು ನಮ್ಮಿಬ್ಬರಾಗೂ ಉಳಿದಿಲ್ಲ ನೋಡವಾ" ಎಂದರು.

ನಾನು ಅವರ ಪಕ್ಕ ನೆಲದ ಮೇಲೆಯೇ ಕೂತೆ. ನಗು ಬಂತು, ಆದರೆ ನಗುವುದಕ್ಕೂ ತ್ರಾಣವಿರಲಿಲ್ಲ. ಆ ಬಸ್ಸು ತಪ್ಪಿತು.

ಸಂಜೆ ಬಂದು ನೋಡಿದರೆ ಅಣಬೆಗಳು ಕರಗಿ ಮಸಿಯಂಥ ಕರಿ ನೀರಾಗಿದ್ದವು. "ಹೋದ್ವು ಅತ್ತೀ" ಎಂದಷ್ಟೇ ಹೇಳಿದೆ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಬಕೆಟ್ಟು, ಅದೇ ಮೆಟ್ಟಿಲು. ರಾತ್ರಿ ಮಳೆ ಬಂದಿರಲಿಲ್ಲ. ಪಾಂಡವರು ಮಾತ್ರ ಒದ್ದೆಯಾಗಿದ್ದರು, ಪಕ್ಕದಲ್ಲಿ ಅತ್ತೆಯ ಪೂಜೆಯ ತಂಬಿಗೆ ಇತ್ತು.