ಹದಿನಾರಾದ ಮೇಲೆ ಹದಿನೆಂಟು

ನಾನು ಓದಿದ ಮಧುಗಿರಿಯ ಗಂಡುಹುಡುಗರ ಹಾಸ್ಟೆಲಿನಲ್ಲಿ, ತಾವೂ ಚಿಕ್ಕಂದಿನಲ್ಲಿ ಓದಲು ಬಂದು ಅಲ್ಲೇ ಉಳಿದು, ಈಗ ಉಗ್ರಾಣ ನೋಡಿಕೊಳ್ಳುವ ಪರ್ವತಯ್ಯನವರ ಬಾಯಿಗೆ ಹುಡುಗರ ಹೆಸರು ಬರುವುದಿಲ್ಲ, ನಂಬರು ಮಾತ್ರ ಬರುತ್ತದೆ. ಜೂನ್‌ನಲ್ಲಿ ಹೊಸ ಹುಡುಗ ಬಂದು ಟ್ರಂಕು ಇಳಿಸುವುದೇ ತಡ, ಓದು ಮುಗಿಸಿ ಹೋದವನ ನಂಬರನ್ನು ಇವನಿಗೆ ಕೊಟ್ಟು, ಟ್ರಂಕು ಬಕೆಟ್ಟುಗಳ ಮೇಲೆ ಬಣ್ಣದಲ್ಲಿ ಬರೆದು, ತಟ್ಟೆಗೆ ಮೊಳೆಯಿಂದ ಕೊರೆದು, ಅಂಗಿ ಚಡ್ಡಿಗಳಿಗೆ ಕೆಂಪು ದಾರದಲ್ಲಿ ಹೊಲಿದುಬಿಡುತ್ತಾರೆ. ಸುಮ್ಮನೆ ನಿಂತರೆ ಕಿವಿಗೂ ಹೊಲಿದಾರು ಎಂದು ನಾವು ಹೆದರುತ್ತಿದ್ದೆವು. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಇನ್ಸ್‌ಪೆಕ್ಟರು, ಹೆಂಡತಿಯೊಂದಿಗೆ ಬಂದು ಹೆಸರು ಹೇಳಿದರೆ ಮುದುಕರಿಗೆ ಗುರುತೇ ಹತ್ತಲಿಲ್ಲ. “ನಲವತ್ತೆರಡು” ಎಂದ ಕೂಡಲೇ ಮುಖ ಅರಳಿತು: “ಲೇ, ನಲ್ವತ್ತೆರಡು! ಈಗ್ಲೂ ಸೋಪ್ನ ನೀರಲ್ಲೇ ಬುಟ್ಟು ಬತ್ತೀಯೇನ್ಲಾ?” ದಸರಾ ರಜೆ ಶುರುವಾಗುವ ದಿನ ಮಾತ್ರ ಅವರು ಯಾರನ್ನೂ ಗದರುವುದಿಲ್ಲ. ಬೆಳಿಗ್ಗೆಯೇ ಮಿಂದು, ಒಗೆದ ಪಂಚೆ ಉಟ್ಟು, ತುಕ್ಕು ಹಿಡಿದ ಪುಟ್ಟ ಟ್ರಂಕೊಂದನ್ನು ಗೇಟಿನ ಹತ್ತಿರ ಎಳೆದುಕೊಂಡು ಅದರ ಮೇಲೆ ಕೂರುತ್ತಾರೆ. ಐ.ಡಿ.ಹಳ್ಳಿ, ತೋವಿನಕೆರೆ, ಪಾವಗಡದ ಕಡೆಯಿಂದ ಅಪ್ಪ ಅಮ್ಮಂದಿರು ಬಂದಂತೆಲ್ಲ ಕೂಗುತ್ತಾರೆ: “ಮೂವತ್ತೊಂದು, ನಿಮ್ಮವ್ವ ಬಂದವ್ಳೆ, ಓಡ್ಲಾ!” ಕೊನೆಯ ಹುಡುಗ ಹೋದ ಮೇಲೂ ಬಸ್ ಸ್ಟ್ಯಾಂಡಿನ ದಾರಿ ನೋಡುತ್ತಾ ಅಲ್ಲೇ ಕೂತಿರುತ್ತಾರೆ. ಹದಿನಾರಾದ ಮೇಲೆ ಹದಿನೆಂಟು ಯಾಕೆ, ಹದಿನೇಳನ್ನು ಯಾರಿಗೂ ಯಾಕೆ ಕೊಡುವುದಿಲ್ಲ ಎಂದು ಅಂಥದ್ದೊಂದು ದಿನ ನಾನು ಕೇಳಿದ್ದೆ. ಕೂತಿದ್ದ ಟ್ರಂಕಿನ ಮೇಲೆ ಮಾಸಿಹೋಗಿದ್ದ ಹದಿನೇಳನ್ನು ಬೆರಳಲ್ಲಿ ಸವರುತ್ತಾ ಹೇಳಿದರು: “ಹದಿನೇಳನ್ನ ಕರ್ಕಂಡೋಗಕ್ಕೆ ಇನ್ನೂ ಯಾರೂ ಬಂದಿಲ್ಲ ಕಣ್ಲಾ.”