ಹಿತ್ತಲ ಬಾಗಿಲಿಲ್ಲದ ಮನೆ

ಹಿರಿಯೂರಿನಲ್ಲಿ ನಾನು ಮನೆ ಕಟ್ಟಿಸುವಾಗ ಅವ್ವನ ತಕರಾರು ಒಂದೇ: ಹಿತ್ತಲ ಬಾಗಿಲು ಎಲ್ಲಿ? ಸೈಟು ಕಿರಿದು, ಹಿಂದುಗಡೆ ಇನ್ನೊಬ್ಬರ ಗೋಡೆ. ಬಾಗಿಲಿಟ್ಟು ಆ ಗೋಡೆಗೆ ಹಣೆ ಚಚ್ಚಿಕೊಳ್ಳಲಾ ಎಂದು ನಕ್ಕೆ. ಅವಳು ನಗಲಿಲ್ಲ. ಹಿತ್ತಲಿಲ್ಲದ್ದು ಒಂದು ಮನೆಯೇ ಎಂದು ಗೊಣಗುತ್ತಾ ನಮ್ಮೂರು ಹಿರೇಗುಂಟನೂರಿಗೆ ಹೊರಟುಹೋದಳು. ನಾನು ಅಡುಗೆಮನೆಯನ್ನು ಕಟ್ಟಕಡೆಗೆ ಹಾಕಿಸಿ, ಅದಕ್ಕೊಂದು ದೊಡ್ಡ ಕಿಟಕಿ ಇಡಿಸಿದೆ.

ನಾನು ನರ್ಸು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಮೊದಮೊದಲು ಕಾರಣ ಹೇಳುತ್ತಿದ್ದೆ, ಆಮೇಲೆ ಸಿಡುಕುತ್ತಿದ್ದೆ. ಈಗ ಒಂದು ಲೋಟ ಟೀ ಕೊಟ್ಟು ಬೇರೆ ಮಾತು ತೆಗೆಯುತ್ತೇನೆ. ನನಗೆ ಬೇಕೆನಿಸಲಿಲ್ಲ, ಅಷ್ಟೇ. ಇಷ್ಟು ಸಣ್ಣ ವಿಷಯ ನಮ್ಮ ಜನರ ತಲೆಗೆ ಯಾಕೆ ಹೋಗುವುದಿಲ್ಲವೋ ಕಾಣೆ. ಹೆರಿಗೆ ವಾರ್ಡಿನಲ್ಲಿ ನನ್ನ ಕೆಲಸ. ಈ ತಾಲ್ಲೂಕಿನ ಎಷ್ಟೋ ಮಕ್ಕಳು ಮೊದಲ ಸಲ ಅತ್ತದ್ದು ನನ್ನ ಕೈಯಲ್ಲೇ. ಸಿಸ್ಟರ್, ನಿಮಗೆ ಗಂಡ ಇದ್ದಾನಾ ಎಂದು ಹೆರಿಗೆ ನೋವಿನಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ಗೃಹಪ್ರವೇಶಕ್ಕೆ ಮೊದಲು ಅಣ್ಣ ಬಂದ. ಊರಲ್ಲಿ ಕುರಿ, ಹೊಲ ನೋಡಿಕೊಂಡಿರುವವನು, ಒಳ್ಳೆಯವನೇ. ಐನೋರ ಹತ್ತಿರ ಎಲ್ಲ ಮಾತಾಡಿ ಮುಗಿಸಿದ್ದ. ತಾನೂ ಅತ್ತಿಗೆಯೂ ಪೂಜೆಗೆ ಕೂರುವುದು, ಅತ್ತಿಗೆ ಹಾಲುಕ್ಕಿಸುವುದು, ನಾನು ಪಕ್ಕದಲ್ಲಿ ನಿಂತು ಕೈ ಮುಗಿಯುವುದು. ನನಗೆ ಮೈಯೆಲ್ಲ ಉರಿಯಿತು. ಮನೆ ನನ್ನದು, ಒಲೆ ನನ್ನದು, ಹಾಲನ್ನೂ ನಾನೇ ಉಕ್ಕಿಸುತ್ತೇನೆ ಎಂದೆ.

"ಊರಾಗೆ ನಾನು ತಲೆ ಎತ್ಕಂಡು ತಿರುಗಬೇಕಲ್ಲವ್ವ" ಎಂದ.

ನಿನ್ನ ತಲೆ ನನ್ನ ಒಲೆಯ ಮೇಲೆ ಯಾಕೆ ಕೂತಿದೆ ಎಂದು ಕೇಳಿದೆ. ಮುಖ ಊದಿಸಿಕೊಂಡ. ಐನೋರಿಗೆ ನಾನೇ ಫೋನು ಮಾಡಿದೆ. ಅವರು ಬಹಳ ಹೊತ್ತು ಹೂಂ ಹೂಂ ಎಂದು, ಕೊನೆಗೆ ಪೂಜೆಗೆ ಬೇಕಾದರೆ ನೀವೇ ಕೂತುಕೊಳ್ಳಿ, ಹಾಲಿನ ವಿಚಾರ ಮಾತ್ರ ಮುತ್ತೈದೆಯರಿಗೆ ಬಿಡಿ ಎಂದರು. ಅದನ್ನೂ ಬಿಡುವುದಿಲ್ಲ ಎಂದೆ.

ನನ್ನ ಹಟಕ್ಕೆ ಕಾರಣವಿತ್ತು. ಅಪ್ಪ ಹೋದ ಮೇಲೆ ಅವ್ವ ಕುರಿಗಳ ಹಿಂದೆ ನಡೆದೇ ನಮ್ಮಿಬ್ಬರನ್ನೂ ಸಾಕಿದವಳು. ಅಣ್ಣನ ಮನೆಯ ಗೃಹಪ್ರವೇಶದ ದಿನ ಒಳಗೆ ಹಾಲುಕ್ಕುವಾಗ ಅವಳು ಹಿತ್ತಲಲ್ಲಿ ನೀರೊಲೆಗೆ ಕಡ್ಡಿ ತುರುಕುತ್ತಿದ್ದಳು. ಯಾರೂ ಅವಳನ್ನು ಅಲ್ಲಿಗೆ ಕಳಿಸಿರಲಿಲ್ಲ. ಶುಭಕಾರ್ಯದಲ್ಲಿ ತನ್ನ ನೆರಳು ಬೀಳಬಾರದೆಂದು ತಾನೇ ಹೋಗಿ ನಿಂತಿದ್ದಳು.

ನನ್ನ ಮನೆಯ ದಿನ ಬಂತು. ಮಣೆಯ ಮೇಲೆ ಒಬ್ಬಳೇ ಕೂತೆ. ಹಿಂದೆ ನೆಂಟರ ಗುಸುಗುಸು ಕೇಳಿಸುತ್ತಿತ್ತು. ಕೇಳಿಸಲಿ ಎಂದು ಬಿಟ್ಟೆ. ಇಷ್ಟು ವರ್ಷ ಯಾವ ಗುಸುಗುಸುವಿಗೆ ಹೆದರಿದ್ದೆನೋ, ಅದು ಹತ್ತಿರದಿಂದ ಇಷ್ಟೇ ಇತ್ತು. ಎದೆ ಹಗುರಾಗಿತ್ತು, ಹಸಿವೂ ಆಗಿತ್ತು.

ಪೂಜೆ ಮುಗಿಸಿ ಹಾಲಿನ ಪಾತ್ರೆ ಹಿಡಿದು ಅಡುಗೆಮನೆಗೆ ಹೋದರೆ ಅಲ್ಲಿ ಅವ್ವ! ಎಲ್ಲರ ಕಣ್ಣು ತಪ್ಪಿಸಿ ಹಿಂದೆ ಹಿಂದೆ ಹೋಗಿದ್ದಾಳೆ. ಹಿತ್ತಲು ಇದ್ದರಲ್ಲವೇ ಸಿಗುವುದು? ಒಲೆಯ ಪಕ್ಕ, ಕಿಟಕಿಯ ಮೂಲೆಯಲ್ಲಿ ತಲೆಮೇಲೆ ಸೆರಗು ಹೊದ್ದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ನನ್ನನ್ನು ಕಂಡದ್ದೇ ಹೊರಗೆ ಹೋಗಲು ನೋಡಿದಳು. ಬಾಗಿಲ ತುಂಬ ಜನ.

"ದಾರಿ ಬಿಡವ್ವ, ನಾನಿಲ್ಲಿ ಇರಬಾರದು" ಎಂದಳು.

"ನಿನಗೂ ಗಂಡ ಇಲ್ಲ, ನನಗೂ ಇಲ್ಲ. ಬಾ, ಪಾತ್ರೆ ಹಿಡ್ಕ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ನನ್ನ ಕೈ ತಾಗಿ ನಿನಗೇನಾರ ಆದ್ರೆ?"

ಆಗ ತಿಳಿಯಿತು, ಅವಳಿಗಿದ್ದದ್ದು ಜನರ ಭಯವಲ್ಲ, ನನಗೇನಾದೀತೋ ಎಂಬ ಭಯ.

"ನೀನು ಸಾಕಿದ್ದಕ್ಕೆ ಏನೂ ಆಗಿಲ್ಲ, ಹಾಲು ಕಾಸಿದ್ರೆ ಆಗ್ತೈತಾ?" ಎಂದೆ.

ಅವಳು ಪಾತ್ರೆಯ ಇನ್ನೊಂದು ಅಂಚು ಹಿಡಿದಳು. ಇಬ್ಬರೂ ಸೇರಿ ಪಾತ್ರೆ ಇಟ್ಟೆವು. ನಾನು ಗ್ಯಾಸ್ ಹಚ್ಚಿದೆ. ತಕ್ಷಣ ಅವಳು ನನ್ನ ಕೈ ಸರಿಸಿ, ಇಷ್ಟು ಉರಿ ಇಟ್ಟರೆ ತಳ ಹಿಡಿಯುತ್ತದೆ, ನಿನಗೆ ಯಾವಾಗ ಬುದ್ಧಿ ಬರುತ್ತದೋ ಎಂದು ಬೈದು ಉರಿ ತಗ್ಗಿಸಿದಳು. ಸೆರಗು ತಲೆಯಿಂದ ಜಾರಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಹಾಲು ಮೆಲ್ಲಗೆ ಏರಿತು, ಅಂಚು ದಾಟಿ ಒಲೆಯ ಮೇಲೆ, ಕಟ್ಟೆಯ ಮೇಲೆ ಹರಿಯಿತು. ಜನರ ಹಿಂದಿನಿಂದ ಅಣ್ಣ ಕತ್ತು ಚಾಚಿ ಕೇಳಿದ, ಹಾಲು ಮೂಡಲಿಗೆ ಉಕ್ಕಿದರೆ ಒಳ್ಳೆಯದೆಂಬುದು ಅವನ ಲೆಕ್ಕ.

"ಯಾವ ಕಡೀಗೆ ಉಕ್ತವ್ವ?"

ಅವ್ವ ತಿರುಗಿಯೂ ನೋಡದೆ, ಹಾಲಾದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಮ್ಮ ಕಡೀಗೆ" ಎಂದಳು.